ನಲವತ್ತಾರು ನಿಮಿಷದ ಆಕಾಶ

ಟೈಮ್‌ಕೀಪರಿಗೆ ವಿಮಾನದ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದದ್ದು ವಿಮಾನದ ವೇಳಾಪಟ್ಟಿಯ ಮೇಲೆ. ಆ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಮಗಳು ಮೊಬೈಲು ನೋಡುತ್ತ, "ಎರಡು ಐವತ್ತಕ್ಕೆ ಇಲ್ಲಿಂದ ಹೊರಡುತ್ತೆ, ನಾಲ್ಕು ಇಪ್ಪತ್ತೈದಕ್ಕೆ ಅಲ್ಲಿ ಇಳಿಯುತ್ತೆ" ಎಂದು ಓದಿದಳು. ಅವರು ಟೀ ಲೋಟವನ್ನು ಕೆಳಗಿಟ್ಟರು.

"ದೂರ ಎಷ್ಟು?"

"ಈ ಏರ್‌ಪೋರ್ಟಿಂದ ಆ ಏರ್‌ಪೋರ್ಟಿಗೆ ಆರುನೂರ ಹದಿನೈದು ಕಿಲೋಮೀಟರ್ ಅಂತಿದೆ."

"ವೇಗ?"

"ಗಂಟೆಗೆ ಎಂಟುನೂರು. ಅಪ್ಪ, ಟಿಕೆಟ್ ಬುಕ್ ಮಾಡ್ಲಾ ಬೇಡ್ವಾ? ಎರಡೇ ಸೀಟು ಉಳಿದಿವೆ."

"ಮಾಡು. ಆದರೆ ಆರುನೂರ ಹದಿನೈದನ್ನ ಎಂಟುನೂರರಿಂದ ಭಾಗಿಸಿದ್ರೆ ಬರೋದು ನಲವತ್ತಾರು ನಿಮಿಷ. ಇವರು ಒಂದು ಗಂಟೆ ಮೂವತ್ತೈದು ನಿಮಿಷ ಹಾಕಿದ್ದಾರೆ. ಮಿಕ್ಕ ನಲವತ್ತೊಂಬತ್ತು ನಿಮಿಷ ಮೇಲೆ ಏನು ಮಾಡ್ತಾರೆ?"

"ಹೇಗೂ ಹೋಗ್ತಾ ಇದೀರಲ್ಲ, ಅವರನ್ನೇ ಕೇಳಿ."

(ಭಾಗಾಕಾರದಲ್ಲಿ ಏಳೂವರೆ ಸೆಕೆಂಡು ಉಳಿದಿತ್ತು. ಅದನ್ನು ಅವರು ಪೈಲಟ್ಟಿಗೆ ಬಿಟ್ಟುಕೊಟ್ಟರು.)

ಅವರು ಇಪ್ಪತ್ತೆಂಟು ವರ್ಷದಿಂದ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುವುದು ಕೆಲಸ. ವೇಳಾಪಟ್ಟಿ ತಯಾರಿಸುವುದೂ ಅವರೇ. ದೂರವನ್ನು ವೇಗದಿಂದ ಭಾಗಿಸಿದರೆ ಬರುವುದು ಸತ್ಯ, ಅದರ ಮೇಲೆ ಸೇರಿಸಿದ ಪ್ರತಿ ನಿಮಿಷವೂ ಯಾರದೋ ಸೋಮಾರಿತನ ಎಂಬುದು ಅವರ ನಂಬಿಕೆ. ಆ ಹೆಚ್ಚುವರಿ ನಿಮಿಷಗಳನ್ನು ಅವರು 'ಸಡಿಲು' ಎನ್ನುತ್ತಿದ್ದರು. ಮೂವತ್ತನಾಲ್ಕು ಮಾರ್ಗಗಳಲ್ಲಿ ಹುಡುಕಿ ಹುಡುಕಿ ಸಡಿಲು ಕತ್ತರಿಸಿದ್ದರಿಂದ ಡ್ರೈವರುಗಳು ಬೆನ್ನ ಹಿಂದೆ ಅವರನ್ನು 'ಕತ್ತರಿ' ಎಂದು ಕರೆಯುತ್ತಿದ್ದರು. ಒಮ್ಮೆ ಹನ್ನೊಂದನೇ ನಂಬರಿನ ಬಸ್ಸಿನಲ್ಲಿ ನಾಲ್ಕು ನಿಮಿಷ ಸಡಿಲು ಸಿಕ್ಕಿತು. ತೆಗೆದುಹಾಕಿದರು. ಮರುದಿನ ಬಸ್ಸು ಒಂದು ಸೆಕೆಂಡೂ ತಪ್ಪದೆ ಬಂತು. ಒಳಗೆ ಕಂಡಕ್ಟರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಪ್ರಯಾಣಿಕರೆಲ್ಲ ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದುಕೊಂಡು ನಿಂತೇ ಉಳಿದಿದ್ದರು. ಅವರು ರಿಜಿಸ್ಟರಿನಲ್ಲಿ 'ಸಮಯಕ್ಕೆ ಸರಿಯಾಗಿ' ಎಂದು ಬರೆದು ಅಡಿಗೆರೆ ಎಳೆದರು.

ಮನೆಯಲ್ಲಿ ನಿಜವಾದ ಕತ್ತರಿ ಇದ್ದದ್ದು ಹೆಂಡತಿಯ ಕೈಯಲ್ಲಿ. ಆಕೆ ದರ್ಜಿ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಹೊಲಿಗೆ ಮಿಷಿನ್ನು, ಗೋಡೆಯ ಮೊಳೆಗೆ ಅಳತೆ ಪಟ್ಟಿ, ಮೂಲೆಯಲ್ಲಿ ಶಾಲಾ ಸಮವಸ್ತ್ರಗಳ ನೀಲಿ ರಾಶಿ. ಆಕೆಯ ಕೆಲಸಕ್ಕೆ ಒಂದೇ ನಿಯಮ: ಏನೇ ಹೊಲಿಯಲಿ, ಒಳಗೆ ಎರಡು ಇಂಚು ಬಟ್ಟೆ ಮಡಚಿ ಬಿಡುವುದು. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲು ಆಗುತ್ತದೆ. ಗಂಡ ಇದನ್ನು ಬಟ್ಟೆಯ ಸಡಿಲು ಎಂದು ಗುರುತಿಸಿ, ವರ್ಷಕ್ಕೆ ಎಷ್ಟು ಮೀಟರು ಬಟ್ಟೆ ಕತ್ತಲಲ್ಲಿ ಮಡಚಿಕೊಂಡು ಕೂತಿರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಆಕೆ ಆ ಚೀಟಿಯ ಹಿಂಬದಿಯಲ್ಲಿ ಯಾರದೋ ಸೊಂಟದ ಅಳತೆ ಬರೆದುಕೊಂಡಿದ್ದರು.

ಬಸ್ಸಿನ ಮನೆಯಲ್ಲಿ ವಿಮಾನದ ಮಾತು ಬರಲು ಕಾರಣ ಆ ಬೆಳಿಗ್ಗೆ ಆರಕ್ಕೆ ಬಂದ ಫೋನು. ದೂರದ ಊರಿನಲ್ಲಿ ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುವ, ಒಬ್ಬಳೇ ಇರುವ ಹೆಂಡತಿಯ ತಂಗಿ ಮಾಡಿದ್ದಳು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಎಂಬುದು ಮನೆಗೆ ಗೊತ್ತಿದ್ದ ವಿಷಯವೇ.

"ಅಕ್ಕ, ಮುಂದಿನ ವಾರ ಅಂದಿದ್ರು. ಈಗ ನಾಳೆ ಬೆಳಿಗ್ಗೇನೇ ಅಂತಾರೆ. ಐದು ಗಂಟೆಗೇ ಒಳಗೆ ಕರ್ಕೊಂಡು ಹೋಗ್ತಾರಂತೆ, ಆಗ ಯಾರನ್ನೂ ಹತ್ತಿರ ಬಿಡಲ್ವಂತೆ. ಇವತ್ತು ಸಂಜೆ ಆರರೊಳಗೆ ನೀನು ಬರಬೇಕು."

"ಇವತ್ತಾ? ಅಷ್ಟು ದೂರ ಹೇಗೆ ಬರಲಿ?"

"ಹೇಗಾದ್ರೂ ಬಾ. ನಿನ್ನ ಮುಖ ನೋಡದೆ ನಾನು ಕಾಗದಕ್ಕೆ ಸಹಿ ಹಾಕಲ್ಲ. ಡಾಕ್ಟ್ರಿಗೂ ಹೇಳಿದ್ದೀನಿ."

"ಹಾಗೆಲ್ಲ ಹಟ ಮಾಡಬಾರದು."

"ಮಾಡ್ತೀನಿ."

ಐದು ವರ್ಷದವಳಿದ್ದಾಗ ತಾಯಿಯನ್ನು ಕಳೆದುಕೊಂಡ ಹುಡುಗಿ. ಅಕ್ಕನೇ ತಲೆ ಬಾಚಿ, ಫ್ರಾಕು ಹೊಲಿದು, ಶಾಲೆಗೆ ಕಳಿಸಿ ಸಾಕಿದ್ದಳು. ಈಗ ನಲವತ್ತೆರಡು ವಯಸ್ಸಾದರೂ ಅಕ್ಕನ ಹತ್ತಿರ ಹಟ ಮಾಡುವಾಗ ಅವಳ ದನಿ ಐದಕ್ಕೇ ಹೋಗಿ ನಿಲ್ಲುತ್ತಿತ್ತು. ಸಹಿ ಹಾಕಲ್ಲ ಎಂದರೆ ಹಾಕುವುದಿಲ್ಲ ಎಂಬುದು ಅಕ್ಕನಿಗೆ ಖಾತ್ರಿ ಇತ್ತು.

ಆ ಊರಿಗೆ ರಸ್ತೆಯಲ್ಲಿ ಎಂಟುನೂರ ಎಂಬತ್ತು ಕಿಲೋಮೀಟರು. ಬಸ್ಸು ಇರುವುದೇ ದಿನಕ್ಕೊಂದು. ಸಂಜೆ ಆರಕ್ಕೆ ಹೊರಟು ಮರುದಿನ ಹನ್ನೊಂದಕ್ಕೆ ಮುಟ್ಟುತ್ತದೆ. ಟೈಮ್‌ಕೀಪರ್ ಹಾಸಿಗೆಯ ಮೇಲೆ ಕೂತು ಆ ಹದಿನೇಳು ಗಂಟೆಯನ್ನು ಎಲ್ಲ ಕಡೆಯಿಂದ ಕತ್ತರಿಸಿ ನೋಡಿದರು. ಹದಿನಾರೂ ಕಾಲಿಗಿಂತ ಕೆಳಗೆ ಅದು ಇಳಿಯಲಿಲ್ಲ. ಕೊನೆಗೆ, ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ವಿಮಾನದಲ್ಲೇ ಹೋಗಬೇಕಾಗುತ್ತೆ" ಎಂದರು.

ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಹೆಂಡತಿಗೆ ಎತ್ತರ ಆಗದು. ಆಕೆ ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದವರಲ್ಲ. ಯಾರ ಮನೆಯಾದರೂ ಮೂರನೇ ಮಹಡಿಯಲ್ಲಿದ್ದರೆ ಬಾಲ್ಕನಿಯ ಬಾಗಿಲು ಹಾಕಿಸಿದ ಮೇಲೆಯೇ ಕುರ್ಚಿಯಲ್ಲಿ ಕೂರುವವರು. ಆಕೆ ಮಿಷಿನ್ನಿನ ಮುಂದೆ ಕೂತು, ತುಳಿಯದೆ, ಚಕ್ರವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಿದ್ದರು.

"ರೀ, ಒಂದೇ ಒಂದು ಮಾತು ಹೇಳಿ. ಎಷ್ಟು ಹೊತ್ತು ಮೇಲಿರಬೇಕು?"

ಇಂಥ ಪ್ರಶ್ನೆಗಾಗಿಯೇ ತಾನು ಹುಟ್ಟಿದ್ದು ಎಂದು ಟೈಮ್‌ಕೀಪರಿಗೆ ಅನ್ನಿಸಿತು. ಮಗಳ ಮೊಬೈಲು ಹೇಳಿದ್ದನ್ನು ಹಾಗೇ ಒಪ್ಪುವ ಜಾಯಮಾನ ಅವರದಲ್ಲ. ಅಟ್ಲಾಸು ತೆಗೆದು, ಹೆಂಡತಿಯ ದಾರದ ಉಂಡೆಯಿಂದ ಒಂದು ತುಂಡು ಕಿತ್ತು, ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಬಿಗಿಯಾಗಿ ಎಳೆದು, ಅಳತೆ ಪಟ್ಟಿಯ ಮೇಲೆ ಇಟ್ಟರು. ಆರು ಸೆಂಟಿಮೀಟರಿನ ಮೇಲೆ ಒಂದೂವರೆ ಮಿಲಿಮೀಟರು. ಸೆಂಟಿಮೀಟರಿಗೆ ನೂರು ಕಿಲೋಮೀಟರು.

"ಆರುನೂರ ಹದಿನೈದು. ಸರಿಯಾಗಿದೆ. ನೋಡು, ಆಕಾಶದಲ್ಲಿ ತಿರುವಿಲ್ಲ, ಉಬ್ಬಿಲ್ಲ, ಕುರಿಹಿಂಡು ಅಡ್ಡ ಬರಲ್ಲ, ರೈಲ್ವೆ ಗೇಟು ಹಾಕಲ್ಲ. ಹೊರಟ್ರೆ ನೆಟ್ಟಗೆ ಹೋಗೋದು, ಇಳಿಯೋದು. ನೆಲ ಬಿಟ್ಟ ಮೇಲೆ ನಲವತ್ತಾರು ನಿಮಿಷ. ನಾನು ಪಕ್ಕದಲ್ಲೇ ಕೂತು ಗಡಿಯಾರ ನೋಡ್ತಾ ಇರ್ತೀನಿ."

"ಟಿಕೆಟಲ್ಲಿ ಒಂದೂವರೆ ಗಂಟೆ ಚಿಲ್ಲರೆ ಅಂತಿದೆ ಅಂದ್ಳಲ್ಲ ಇವಳು?"

"ಅದು ಸಡಿಲು. ಅದರಲ್ಲಿ ಇಪ್ಪತ್ತು ನಿಮಿಷ ನೆಲದ ಮೇಲೇ ಹೋಗುತ್ತೆ. ಉಳಿದದ್ದು ಅವರ ತೋರಿಕೆಗೆ. ನನಗೆ ಗೊತ್ತಿಲ್ವಾ ಈ ಕಸುಬು?"

ಆಕೆ ಗಂಡನ ಮುಖ ನೋಡಿದರು. ತುಟಿ ಒಮ್ಮೆ ಸುಮ್ಮನೆ ಅಲುಗಿತು. ಏನೋ ಪ್ರಾರ್ಥನೆ ಇರಬೇಕು ಎಂದುಕೊಂಡರು ಟೈಮ್‌ಕೀಪರ್.

"ಸರಿ. ಹೋಗೋಣ," ಎಂದರು ಆಕೆ.

ಅಷ್ಟು ಬೇಗ ಒಪ್ಪಿದ್ದು ಅವರ ಎದೆಯ ಮೇಲೆ ಭಾರವಾಗಿ ಕೂತಿತು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಅವರ ರುಚಿಯನ್ನು ನಂಬಿರಲಿಲ್ಲ, ಅವರು ಆರಿಸಿದ ಪರದೆಯನ್ನು ನಂಬಿರಲಿಲ್ಲ, ಅವರು ಬಾಗಿಲಿಗೆ ಬೀಗ ಹಾಕಿದ್ದನ್ನೂ ಇನ್ನೊಮ್ಮೆ ಎಳೆದು ನೋಡುತ್ತಿದ್ದರು. ಲೆಕ್ಕವನ್ನು ಮಾತ್ರ ಎಂದೂ ಪ್ರಶ್ನಿಸಿರಲಿಲ್ಲ. ಈಗ ಆ ಲೆಕ್ಕದ ಬಲದ ಮೇಲೆ ಒಬ್ಬ ಹೆಂಗಸು ಸ್ಟೂಲಿನಿಂದ ನೇರವಾಗಿ ಮೋಡಕ್ಕೆ ಹತ್ತಲು ಹೊರಟಿದ್ದರು. ನಲವತ್ತಾರನೇ ನಿಮಿಷದವರೆಗೆ ಆಕೆಗೆ ಧೈರ್ಯ ಇರುತ್ತದೆ. ನಲವತ್ತೇಳನೆಯದಕ್ಕೆ ಏನಾಗುತ್ತದೆ ಎಂದು ಅವರು ಯೋಚಿಸಲು ಹೋಗಲಿಲ್ಲ. ಅಂಥ ನಿಮಿಷ ಬರುವುದಿಲ್ಲವಲ್ಲ.

ಚೀಲ ತುಂಬುವಾಗ ಸಣ್ಣದೊಂದು ತಕರಾರು ನಡೆಯಿತು. ತಂಗಿಗೆ ಆಸ್ಪತ್ರೆಯಲ್ಲಿ ತಲೆ ಇಡಲು ಎಂದು ಆಕೆ ಬಿಳಿಯ ದಿಂಬಿನ ಕವರೊಂದನ್ನು ಹೊಲಿದಿಟ್ಟಿದ್ದರು. ಅದರ ನಾಲ್ಕು ಅಂಚಿಗೂ ನೀಲಿ ದಾರದಲ್ಲಿ ಕ್ರೋಶಾ ಹೆಣೆಯುವುದು ಬಾಕಿ ಇತ್ತು. ಕೈಯಲ್ಲಿ ಕೆಲಸವಿದ್ದರೆ ಹೆದರಿಕೆ ಬೆರಳಿಗೆ ಇಳಿಯುತ್ತದೆ ಎಂದು ಅದನ್ನು ಚೀಲದ ಮೇಲ್ಗಡೆಗೇ ಇಟ್ಟುಕೊಂಡರು. ಜೊತೆಗೆ ಎರಡು ಉಂಡೆ ದಾರ.

"ಒಂದು ಉಂಡೆ ಸಾಕು," ಎಂದರು ಟೈಮ್‌ಕೀಪರ್. "ಒಂದು ಉಂಡೆ ಮುಗಿಯೋಕೆ ನಿನಗೆ ನಲವತ್ತೈದು ನಿಮಿಷ ಬೇಕು. ಎರಡು ಅಂಚು ಆಗುತ್ತೆ. ನಾನೇ ನೋಡಿ ಬರೆದಿಟ್ಟಿದ್ದೀನಿ."

"ಇರಲಿ ಬಿಡಿ. ದಾರದ ತೂಕ ಎಷ್ಟಿರುತ್ತೆ."

"ತೂಕದ ಪ್ರಶ್ನೆ ಅಲ್ಲ. ತತ್ವದ ಪ್ರಶ್ನೆ."

"ತತ್ವ ನೀವು ಹೊತ್ಕೊಳ್ಳಿ. ದಾರ ನಾನು ಹೊತ್ಕೋತೀನಿ."

ವಿಮಾನ ನಿಲ್ದಾಣಕ್ಕೆ ಎರಡು ಗಂಟೆ ಮೊದಲೇ ಬರಬೇಕೆಂಬ ಸೂಚನೆಯೂ ಸಡಿಲೇ ಎಂದು ಅವರು ವಿವರಿಸಲು ಶುರು ಮಾಡುವಷ್ಟರಲ್ಲಿ ಮಗಳು ತಾನೇ ಕರೆಸಿದ ಟ್ಯಾಕ್ಸಿ ಬಾಗಿಲಲ್ಲಿತ್ತು, ಹೆಂಡತಿ ಅದರೊಳಗಿದ್ದರು.

"ಅಪ್ಪ, ಚಿಕ್ಕಮ್ಮನಿಗೆ ಧೈರ್ಯ ಹೇಳಿ, ಲೆಕ್ಕ ಹೇಳಬೇಡಿ," ಎಂದು ಮಗಳು ಕಿಟಕಿಗೆ ಬಗ್ಗಿ ಹೇಳಿದಳು. ಎರಡಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿಯಲಿಲ್ಲ.

ತಪಾಸಣೆಯ ಸಾಲಿನಲ್ಲಿ ಹೆಂಡತಿಯ ಪ್ಲಾಸ್ಟಿಕ್ ಕ್ರೋಶಾ ಕಡ್ಡಿಯನ್ನು ಸಿಬ್ಬಂದಿಯೊಬ್ಬ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ. ಟೈಮ್‌ಕೀಪರಿಗೆ ಮಾತ್ರ ಅಲ್ಲಿ ಒಂದು ಕಷ್ಟ ಬಂತು. ಗಡಿಯಾರ ಬಿಚ್ಚಿ ತಟ್ಟೆಯಲ್ಲಿ ಇಡಬೇಕು. ಸ್ನಾನಕ್ಕೆ ಬಿಟ್ಟರೆ ಅದು ಅವರ ಎಡಗೈಯಿಂದ ಇಳಿದದ್ದಿಲ್ಲ. ಸಮಯ ನೋಡಲು ಜೇಬಿನಿಂದ ಮೊಬೈಲು ತೆಗೆಯುವವರನ್ನು ಕಂಡರೆ ಅವರಿಗೆ ಕನಿಕರ. ಡಿಪೋದ ಗೋಡೆಯ ಗಡಿಯಾರ ಕೆಟ್ಟರೆ ಈ ಗಡಿಯಾರ ನೋಡಿಯೇ ಅದನ್ನು ಸರಿಪಡಿಸುವುದು. ತಟ್ಟೆ ಆ ಯಂತ್ರದ ಗುಹೆಯೊಳಗೆ ಹೋಗಿ ಹೊರಬರುವವರೆಗೆ ಅವರು ಬಿಳಿಚಿಕೊಂಡ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದರು.

ವಿಮಾನದಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತು, ಮೊದಲ ಕೆಲಸವಾಗಿ ಕಿಟಕಿಯ ಮುಚ್ಚಳ ಎಳೆದರು. ಗಗನಸಖಿ ಬಂದು, ಹೊರಡುವಾಗ ಅದು ತೆರೆದಿರಬೇಕು ಎಂದಳು. ಆಕೆ ತೆರೆದು, ಕಣ್ಣು ಮುಚ್ಚಿದರು.

"ಕಣ್ಣು ಮುಚ್ಚಬಹುದು ತಾನೇ ಅಮ್ಮ?"

"ಮುಚ್ಚಬಹುದು ಮೇಡಂ," ಎಂದಳು ಗಗನಸಖಿ.

ವಿಮಾನ ಹದಿನೈದು ನಿಮಿಷ ತಡವಾಗಿ ಕದಲಿತು. ಆಮೇಲೆ ಇಪ್ಪತ್ತು ನಿಮಿಷ ನೆಲದ ಮೇಲೇ ತೆವಳಿತು. ಮೂರು ಇಪ್ಪತ್ತೈದಕ್ಕೆ ನೆಲ ಬಿಟ್ಟಿತು. ಹೆಂಡತಿಯ ಉಗುರು ಟೈಮ್‌ಕೀಪರ ಅಂಗೈಯಲ್ಲಿ ನಾಲ್ಕು ಅರ್ಧಚಂದ್ರ ಬರೆಯಿತು.

"ಈಗಿಂದ ಲೆಕ್ಕ," ಎಂದರು ಅವರು. "ನಾಲ್ಕು ಹನ್ನೊಂದಕ್ಕೆ ಕೆಳಗಿರ್ತೀವಿ."

ಸ್ವಲ್ಪ ಹೊತ್ತಿನಲ್ಲಿ ಮುಚ್ಚಳ ಮತ್ತೆ ಕೆಳಗೆ ಬಂತು, ಕಡ್ಡಿ ಓಡತೊಡಗಿತು. ಟೈಮ್‌ಕೀಪರ್ ಕೊಟ್ಟ ಮಾತಿನಂತೆ ಕೂಗುತ್ತ ಹೋದರು: ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು, ಇನ್ನು ಹದಿನಾರೇ. ಪ್ರತಿ ಸಲವೂ ಆಕೆ "ಹೂಂ" ಎಂದರು. ದಿಂಬಿನ ಕವರಿನ ಒಂದು ಅಂಚು ಮುಗಿದು, ಮೂಲೆ ತಿರುಗಿ, ಎರಡನೆಯದು ಅರ್ಧಕ್ಕಿಂತ ಮುಂದೆ ಹೋಗಿತ್ತು. ವಿಮಾನ ಇಳಿಯುವ ಲಕ್ಷಣ ಮಾತ್ರ ಕಾಣಲಿಲ್ಲ. ನಲವತ್ತನೇ ನಿಮಿಷಕ್ಕೆ ಅವರು ಪೈಲಟ್ಟಿನ ಸ್ವಭಾವದ ಬಗ್ಗೆ ಯೋಚಿಸಿದರು. ಕೊನೆಯ ಮೈಲಿಯಲ್ಲಿ ಜೋರಾಗಿ ಬಂದು ಹೊಂದಿಸುವ ಡ್ರೈವರುಗಳೂ ಇರುತ್ತಾರೆ.

ನಲವತ್ತೈದನೇ ನಿಮಿಷಕ್ಕೆ ಮೇಲಿನಿಂದ ಗಂಡಸಿನ ದನಿ ಬಂತು. ಕೆಳಗೆ ನಿಲ್ದಾಣದಲ್ಲಿ ದಟ್ಟಣೆ ಇದೆ, ಇಳಿಯಲು ನಮ್ಮ ಸರದಿ ಬರುವವರೆಗೆ ಸ್ವಲ್ಪ ಹೊತ್ತು ಸುತ್ತಬೇಕಾಗುತ್ತದೆ, ದಯವಿಟ್ಟು ಸಹಕರಿಸಿ.

ಆಕಾಶದಲ್ಲೂ ರೈಲ್ವೆ ಗೇಟು ಇತ್ತು.

ಟೈಮ್‌ಕೀಪರ ಬೆನ್ನಿನ ಮೇಲೆ ಬೆವರು ಇಳಿಯಿತು. ಗಡಿಯಾರ ಕಟ್ಟಿದ ಎಡಗೈ ಹೆಂಡತಿಯ ಕಡೆಗೇ ಇತ್ತು. ಆಕೆ ಆಗಾಗ ಓರೆಗಣ್ಣಲ್ಲಿ ಅದನ್ನು ನೋಡುತ್ತಿದ್ದರು. ಇನ್ನೊಂದು ನಿಮಿಷ ಕಳೆದರೆ ಮುಳ್ಳು ನಾಲ್ಕು ಹನ್ನೊಂದನ್ನು ದಾಟುತ್ತದೆ, ಅದರೊಂದಿಗೆ ಆಕೆಯ ಧೈರ್ಯದ ಅವಧಿಯೂ ಮುಗಿಯುತ್ತದೆ. ಆಮೇಲೆ ಕೂಗು, ಅಳು, ಬಾಗಿಲು ತೆಗೆಯಿರಿ ಎಂಬ ಗಲಾಟೆ. ಎಲ್ಲಕ್ಕಿಂತ ಹೆಚ್ಚಾಗಿ, ಉಳಿದ ಸಂಸಾರದುದ್ದಕ್ಕೂ "ನಲವತ್ತಾರು ನಿಮಿಷ ಅಂದಿದ್ರಲ್ಲ" ಎಂಬ ಒಂದು ಮಾತು.

ಅವರು ಮಣಿಕಟ್ಟು ತುರಿಸಿದವರಂತೆ ಬಲಗೈಯನ್ನು ಗಡಿಯಾರದ ಮೇಲೆ ತಂದರು. ಕೀಲಿಯನ್ನು ಉಗುರಿನಿಂದ ಎಳೆದರು. ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು.

ಆ ಗಡಿಯಾರದ ಮುಳ್ಳು ಹಿಂದಕ್ಕೆ ಚಲಿಸಿದ್ದು ಅದೇ ಮೊದಲು. ಹೀಗೆಯೇ ಮಾಡಿ ಸಿಕ್ಕಿಬಿದ್ದ ಒಬ್ಬ ಕಂಡಕ್ಟರನ ಮೇಲೆ ಅವರು ಹಿಂದೊಮ್ಮೆ ಮೂರು ಪುಟದ ವರದಿ ಬರೆದಿದ್ದರು. ಅದರಲ್ಲಿ 'ವಿಶ್ವಾಸದ್ರೋಹ' ಎಂಬ ಪದ ಎರಡು ಸಲ ಇತ್ತು.

"ಈಗ ಎಷ್ಟಾಯ್ತು?" ಎಂದರು ಹೆಂಡತಿ, ತಲೆ ಎತ್ತದೆ.

"ಮೂವತ್ತೈದು."

"ಆಗಲೇ ನಲವತ್ತು ಅಂದಂಗಿತ್ತು."

"ಮೂವತ್ತು ಅಂದದ್ದು."

"ಹೂಂ."

ವಿಮಾನ ಒಂದು ರೆಕ್ಕೆ ತಗ್ಗಿಸಿ ದೊಡ್ಡದಾಗಿ ಸುತ್ತಿತು. ಅದೇ ಹೊತ್ತಿಗೆ ಆಕೆಯ ಮೊದಲ ಉಂಡೆ ಮುಗಿಯಿತು. ಎರಡು ಅಂಚು. ಆಕೆ ನಿಧಾನವಾಗಿ ಚೀಲಕ್ಕೆ ಕೈ ಹಾಕಿ ಎರಡನೇ ಉಂಡೆ ತೆಗೆದು, ತುದಿ ಹುಡುಕಿ ಗಂಟು ಹಾಕಿ, ಮೂರನೇ ಅಂಚು ಶುರು ಮಾಡಿದರು. ಟೈಮ್‌ಕೀಪರ್ ಅದನ್ನು ನೋಡಿಯೂ ನೋಡದಂತೆ ಎದುರಿನ ಸೀಟಿನ ಬೆನ್ನನ್ನು ಓದುತ್ತ ಕೂತರು. ಅಲ್ಲಿ ಓದುವಂಥದ್ದು ಏನೂ ಇರಲಿಲ್ಲ.

ನಿಜವಾದ ನಾಲ್ಕು ಇಪ್ಪತ್ತಕ್ಕೆ ಗಡಿಯಾರ ಮತ್ತೆ ನಾಲ್ಕು ಹತ್ತಕ್ಕೆ ಬಂತು. ಇನ್ನೊಮ್ಮೆ ಹತ್ತು ನಿಮಿಷ ಹಿಂದಕ್ಕೆ. ನಾಲ್ಕೂವರೆಗೆ ಮತ್ತೊಮ್ಮೆ. ಸುತ್ತು ಹೊಡೆಯುವ ವಿಮಾನದ ಒಳಗೆ ಒಂದು ಮುಳ್ಳೂ ಸುತ್ತು ಹೊಡೆಯುತ್ತಿತ್ತು. ಮೂರನೇ ಸಲಕ್ಕೆ ಬೆವರಿಗೆ ಕೀಲಿ ಜಾರಿತು. ಗಗನಸಖಿ ಬಗ್ಗಿ ಕೇಳಿದಳು:

"ಸಾರ್, ತುಂಬಾ ಬೆವರ್ತಾ ಇದೀರಿ. ನೀರು ಕೊಡ್ಲಾ?"

"ನನ್ನ ಹೆಂಡತಿಗೆ ಕೊಡಿ. ಅವಳಿಗೆ ಭಯ ಜಾಸ್ತಿ."

"ನನಗೆ ಬೇಡಮ್ಮ. ಅವರಿಗೇ ಕೊಡಿ," ಎಂದರು ಹೆಂಡತಿ. ಆಮೇಲೆ, ಕಡ್ಡಿ ನಿಲ್ಲಿಸದೆ, "ದೊಡ್ಡ ಲೋಟದಲ್ಲಿ."

ಕೊನೆಗೂ ವಿಮಾನ ನೆಲ ಮುಟ್ಟಿ, ಎರಡು ಸಲ ಕುಪ್ಪಳಿಸಿ, ಓಡಿತು. ಟೈಮ್‌ಕೀಪರ್ ಗಡಿಯಾರ ನೋಡಿದರು. ನಾಲ್ಕು ಹನ್ನೊಂದು. ತಾವೇ ಇಟ್ಟ ಮುಳ್ಳು ಎಂದು ಗೊತ್ತಿದ್ದರೂ ಅವರ ಎದೆಯಲ್ಲಿ ಒಂದು ಶುದ್ಧವಾದ ತೃಪ್ತಿ ಎದ್ದಿತು.

"ನೋಡಿದ್ಯಾ? ನಲವತ್ತಾರು."

"ನೋಡಿದೆ," ಎಂದರು ಆಕೆ, ಕಡ್ಡಿಯಿಂದ ಕಣ್ಣೆತ್ತದೆ. ವಿಮಾನ ಇನ್ನೂ ಕಾಲು ಗಂಟೆ ನೆಲದ ಮೇಲೆ ತೆವಳಿ ನಿಲ್ಲುವ ಹೊತ್ತಿಗೆ ನಾಲ್ಕು ಅಂಚೂ ಮುಗಿದಿತ್ತು; ಆಕೆ ಹಲ್ಲಿನಿಂದ ದಾರ ಕಡಿದರು.

ಟ್ಯಾಕ್ಸಿಯಲ್ಲಿ ಮೊದಲ ಕೆಲಸವಾಗಿ ಗಡಿಯಾರವನ್ನು ಸರಿ ಮಾಡಿಕೊಳ್ಳಬೇಕು ಎಂದು ಅವರು ನಿಶ್ಚಯಿಸಿದ್ದರು. ಆದರೆ ಟ್ಯಾಕ್ಸಿ ಹೊರಟ ಕೂಡಲೇ ಹೆಂಡತಿ ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡರು. ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ. ಪಾಪ, ಇನ್ನೂ ನಡುಕ ಹೋಗಿಲ್ಲ ಎಂದುಕೊಂಡು ಅವರು ಕೈ ಬಿಡಿಸಿಕೊಳ್ಳಲಿಲ್ಲ. ಪೇಟೆಯ ದಾರಿ, ಮೈಲಿಗೊಂದು ಸಿಗ್ನಲ್ಲು. ಆಸ್ಪತ್ರೆ ಸಿಗುವವರೆಗೂ ಆ ಕೈ ಅಲ್ಲೇ ಇತ್ತು.

ಆಸ್ಪತ್ರೆಯ ಬಾಗಿಲಲ್ಲಿ ಬೂದು ಸಮವಸ್ತ್ರದ ಕಾವಲುಗಾರ ಕಬ್ಬಿಣದ ಗೇಟನ್ನು ಅರ್ಧ ಎಳೆದಿದ್ದ. ಒಳಗಿನಿಂದ ಜನ ಖಾಲಿ ಡಬ್ಬಿ, ಫ್ಲಾಸ್ಕು ಹಿಡಿದು ಹೊರಗೆ ಬರುತ್ತಿದ್ದರು.

"ಆಯ್ತು ಸಾರ್. ಭೇಟಿ ಸಮಯ ಆರರವರೆಗೆ."

ಟೈಮ್‌ಕೀಪರ ಎಡಗೈ ತಾನಾಗಿ ಮೇಲೆ ಬಂತು. ಇಪ್ಪತ್ತೆಂಟು ವರ್ಷದ ಅಭ್ಯಾಸ ನೆನಪಿಗಿಂತ ಒಂದು ಹೆಜ್ಜೆ ಮುಂದಿತ್ತು.

"ಐದು ಇಪ್ಪತ್ತೇಳು," ಎಂದರು ಅವರು, ಡಿಪೋದ ದನಿಯಲ್ಲಿ. "ಇನ್ನೂ ಮೂವತ್ತಮೂರು ನಿಮಿಷ ಇದೆ."

ಕಾವಲುಗಾರ ತಲೆಯ ಮೇಲಿನ ಗೋಡೆ ಗಡಿಯಾರ ತೋರಿಸಿದ. ಆರು ದಾಟಿ ಎರಡು ನಿಮಿಷ.

ಮಾತು ಬಾಯಿಂದ ಹೊರಬಿದ್ದ ಮೇಲೆ ನೆನಪು ಬಂತು. ಅವರ ಮುಂದೆ ಎರಡು ದಾರಿ ಇದ್ದವು. ಒಂದು, ಗಡಿಯಾರ ತಪ್ಪು ಎನ್ನುವುದು; ಹಾಗೆಂದರೆ ಯಾಕೆ ತಪ್ಪಾಯಿತು ಎಂದು ಹೆಂಡತಿಯ ಎದುರು ಹೇಳಬೇಕು. ಇನ್ನೊಂದು, ಗಡಿಯಾರವೇ ಸರಿ ಎನ್ನುವುದು. ಅವರು ಎರಡನೆಯದನ್ನು ಹಿಡಿದರು.

"ನಿಮ್ಮ ಗಡಿಯಾರ ಮುಂದೆ ಓಡ್ತಾ ಇದೆ."

"ಅರ್ಧ ಗಂಟೆ ಓಡುತ್ತಾ ಸಾರ್?"

"ಗಡಿಯಾರದ ವಿಷಯ ನನಗೆ ಹೇಳಬೇಡಿ. ಇಪ್ಪತ್ತೆಂಟು ವರ್ಷ..."

"ಸಾರ್, ಹೊರಗೆ ದೀಪ ಹತ್ತಿಸಿದ್ದಾರೆ ನೋಡಿ."

"ದೀಪ ಹತ್ತಿಸಿದವರ ಗಡಿಯಾರವೂ..."

"ಇವರೇ," ಎಂದರು ಹೆಂಡತಿ. ಗಂಡನಿಗಲ್ಲ, ಕಾವಲುಗಾರನಿಗೆ. "ಇವರದೂ ಬಿಡಿ, ನಿಮ್ಮದೂ ಬಿಡಿ. ಈಗ ಆರಕ್ಕೆ ಮೂರು ನಿಮಿಷ ಇದೆ. ಟ್ಯಾಕ್ಸಿ ಇಳಿಯುವಾಗ ಅದರ ಗಡಿಯಾರ ನೋಡಿದೆ. ಒಳಗೆ ನನ್ನ ತಂಗಿ ಇದ್ದಾಳೆ. ನನ್ನ ಮುಖ ನೋಡದೆ ನಾಳೆ ಆಪರೇಷನ್‌ಗೆ ಸಹಿ ಹಾಕಲ್ಲ ಅಂತ ಕೂತಿದ್ದಾಳೆ. ಅವಳಿಗೆ ಅಂತ ಈ ದಿಂಬಿನ ಕವರು ತಂದಿದ್ದೀನಿ."

ಕಾವಲುಗಾರ ನೀಲಿ ಅಂಚನ್ನು ನೋಡಿದ. ಗೇಟು ಒಂದಡಿ ಸರಿಸಿದ.

"ಹೋಗಿ ಅಮ್ಮ. ನಮ್ಮದು ಐದು ನಿಮಿಷ ಮುಂದೆ ಇದೆ. ನಾವೇ ಇಟ್ಟಿರೋದು, ಓಡಿಕೊಂಡು ಬರೋವ್ರು ಇರ್ತಾರಲ್ಲ ಅಂತ. ಆದ್ರೆ ಒಬ್ರೇ. ಈಗ ಒಬ್ರಿಗೇ ಪಾಸು."

ಆಕೆ ಹೋದರು. ಗೇಟು ಮುಚ್ಚಿತು. ಟೈಮ್‌ಕೀಪರ್ ಹೊರಗಿನ ಕಲ್ಲು ಬೆಂಚಿನ ಮೇಲೆ ಕೂತರು. ಜನ ಕರಗಿದ ಮೇಲೆ ಕಾವಲುಗಾರನೂ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಸಾರ್ ಎಲ್ಲಿ ಕೆಲಸ?"

"ಬಸ್ ಡಿಪೋ."

"ಡ್ರೈವರಾ?"

"ಟೈಮ್‌ಕೀಪರ್."

ಕಾವಲುಗಾರ ನಗಲಿಲ್ಲ. ಅವರ ಮಣಿಕಟ್ಟನ್ನು ಒಮ್ಮೆ ನೋಡಿ, ಗೌರವದಿಂದ ಬೇರೆ ಕಡೆ ನೋಡಿದ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

ಮೂರು ನಿಮಿಷ ಎಂದು ಹೋದ ಹೆಂಡತಿ ಹದಿನೈದು ನಿಮಿಷ ಬಿಟ್ಟು ಹೊರಬಂದರು. ಕಾವಲುಗಾರ ಅಷ್ಟು ಹೊತ್ತೂ ಗೋಡೆಯ ಕಡೆ ತಿರುಗಿರಲಿಲ್ಲ. ಆಕೆಯ ಕೈ ಖಾಲಿಯಾಗಿತ್ತು, ಮುಖ ಹಗುರವಾಗಿತ್ತು.

"ಸಹಿ ಹಾಕಿದ್ಲಾ?"

"ಹಾಕಿದ್ಲು. ನಿಮ್ಮಿಂದಾನೇ ಹಾಕಿದ್ದು."

"ನನ್ನಿಂದ?"

ಆಕೆ ಪಕ್ಕದಲ್ಲಿ ಕೂತರು. "ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ಲು. ಮಾತಿಲ್ಲ, ಕತೆ ಇಲ್ಲ. ಆಮೇಲೆ, ಭಾವ ಎಲ್ಲಿ ಅಂದ್ಲು. ಅವರಿನ್ನೂ ಟ್ಯಾಕ್ಸೀಲಿ ಇದ್ದಾರೆ, ನನಗಿಂತ ಅರ್ಧ ಗಂಟೆ ಹಿಂದೆ ಇದ್ದಾರೆ ಅಂದೆ. ಭಾವ ತಡ ಮಾಡೋದಾ ಅಂತ ಎದ್ದು ಕೂತ್ಲು. ಎಲ್ಲಾ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಲು. ನೋವಾಗುತ್ತೆ, ಹೇಳಬೇಡ ಅಂತಾಳೆ, ಮೂರನೇ ಸಲ ಹೇಗೆ ತಿರುಗಿಸಿದ್ರು ಅಂತ ಮತ್ತೆ ಕೇಳ್ತಾಳೆ. ನರ್ಸು ಬಂದು ಬೈದ್ರು. ಆಮೇಲೆ ಅವಳೇ ಪೆನ್ನು ಕೇಳಿ ಇಸ್ಕೊಂಡ್ಲು."

ಟೈಮ್‌ಕೀಪರ್ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡರು.

"ನೀನು ನೋಡಿದೆಯಾ?"

"ಮೂರು ಸಲ. ಹತ್ತು ಹತ್ತು ನಿಮಿಷ."

"ಮತ್ತೆ ಹೆದರಲಿಲ್ಲ?"

"ಹೆದರಿಕೆ ಇತ್ತು. ಆದ್ರೆ ಹೊತ್ತು ಇನ್ನೂ ಇತ್ತಲ್ಲ. ನೀವು ನಲವತ್ತಾರು ಅಂದ್ರಿ. ನಾನು ತೊಂಬತ್ತೆರಡು ಅಂತ ಇಟ್ಕೊಂಡಿದ್ದೆ. ಒಂದೊಂದು ಉಂಡೆಗೆ ನಲವತ್ತೈದು, ಎರಡು ಉಂಡೆ. ಎರಡು ನಿಮಿಷ ಗಂಟು ಹಾಕೋಕೆ."

"ಯಾವಾಗಿಂದ ಹೀಗೆ ಇಟ್ಕೊಳ್ಳೋದು?"

"ಮದುವೆ ಆದ ಎರಡನೇ ವಾರದಿಂದ. ಹತ್ತು ನಿಮಿಷದಲ್ಲಿ ಬಂದೆ ಅಂತ ಹೋದ್ರಿ, ಇಪ್ಪತ್ತು ನಿಮಿಷಕ್ಕೆ ಬಂದ್ರಿ. ಸೈಕಲ್ಲು ಸರಿ ಮಾಡೋಕೆ ಒಂದು ಗಂಟೆ ಅಂದ್ರಿ, ಎರಡಾಯ್ತು. ಯಾವತ್ತೂ ಎರಡರಷ್ಟೇ. ಅದಕ್ಕೇ ಹೇಳ್ತೀನಲ್ಲ, ನಿಮ್ಮ ಲೆಕ್ಕ ಒಂದು ದಿನವೂ ತಪ್ಪಿಲ್ಲ."

ಅವರು ಎದ್ದು ಗೇಟಿನ ಹತ್ತಿರ ಹೋಗಿ, ಗೋಡೆ ಗಡಿಯಾರ ನೋಡಿ, ಕೀಲಿ ಎಳೆದು ತಮ್ಮ ಗಡಿಯಾರವನ್ನು ಅದಕ್ಕೆ ಹೊಂದಿಸಿದರು.

"ಸಾರ್, ನಮ್ಮದು ಐದು ನಿಮಿಷ ಮುಂದಿದೆ," ಎಂದು ಕಾವಲುಗಾರ ನೆನಪಿಸಿದ.

"ಗೊತ್ತು. ಇರಲಿ," ಎಂದರು ಅವರು.

ಉಳಿದುಕೊಳ್ಳುವ ಲಾಡ್ಜು ಅದೇ ರಸ್ತೆಯ ಕೊನೆಯಲ್ಲಿತ್ತು. ಬರುವಾಗ ಟ್ಯಾಕ್ಸಿಯಿಂದ ಅದರ ಬೋರ್ಡು ಕಂಡಿತ್ತು. ಆಕೆ ಚೀಲ ಹೆಗಲಿಗೆ ಹಾಕಿಕೊಂಡು, "ಎಷ್ಟು ದೂರ ಇರಬಹುದು?" ಎಂದರು.

ಟೈಮ್‌ಕೀಪರ್ ರಸ್ತೆಯ ಉದ್ದಕ್ಕೂ ಕಣ್ಣು ಹಾಯಿಸಿದರು. ದೀಪದ ಕಂಬ ಎಣಿಸಿದರು. ಕಂಬದಿಂದ ಕಂಬಕ್ಕೆ ಮೂವತ್ತು ಮೀಟರು, ನಡಿಗೆಯ ವೇಗ ಗಂಟೆಗೆ ಐದು ಕಿಲೋಮೀಟರು. ಸುಮ್ಮನಿರಬೇಕು ಎಂದುಕೊಂಡರು. ಆಗಲಿಲ್ಲ.

"ಆರು ನಿಮಿಷದ ದಾರಿ," ಎಂದರು.

ಆಕೆ ಸರಿ ಎಂದು ಮುಂದೆ ನಡೆದರು. ಬೀದಿದೀಪದ ಬೆಳಕಿನಲ್ಲಿ ಆಕೆಯ ತುಟಿ ಒಮ್ಮೆ ಸುಮ್ಮನೆ ಅಲುಗಿದ್ದು ಟೈಮ್‌ಕೀಪರಿಗೆ ಕಾಣಿಸಿತು. ಅದು ಪ್ರಾರ್ಥನೆಯಲ್ಲ ಎಂದು ಮೂವತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ತಿಳಿಯಿತು. ಆಕೆ ಹೇಳಿಕೊಂಡದ್ದು, ಹನ್ನೆರಡು.